ಗುಂಡಿ ಡಬ್ಬಿಯ ಮಾತ್ರೆ

ಆ ಬೀದಿಯಲ್ಲಿ ಟೇಪ್ ಮಾವನ ಹೊಲಿಗೆಗೆ ಹೆಸರಿಟ್ಟವರಿಲ್ಲ. ಕೊರಳಲ್ಲಿ ಅಳತೆ ಟೇಪು ಇಲ್ಲದೆ ಅವರನ್ನು ಕಂಡವರೂ ಇಲ್ಲ, ಹಾಗಾಗಿ ಆ ಅಡ್ಡಹೆಸರು. “ಬಟ್ಟೆ ನೀರಿಗೆ ಹಾಕಿದ್ದೀರಾ?” ಎಂದು ಮೂರು ಸಲ ಕೇಳದೆ ಅವರು ಕತ್ತರಿ ಮುಟ್ಟುತ್ತಿರಲಿಲ್ಲ. ಅಂಥವರು ಒಂದು ದಿನ ಮೇಷ್ಟ್ರ ಅಂಗಿಯ ಐದನೆಯ ಗುಂಡಿಯ ಕಾಜವನ್ನು ಅರ್ಧ ಇಂಚು ಪಕ್ಕಕ್ಕೆ ಹೊಲಿದುಬಿಟ್ಟರು. ಮೇಷ್ಟ್ರು ಏನೂ ಅನ್ನದೆ ಅದನ್ನೇ ತೊಟ್ಟುಕೊಂಡು ಹೋದರು. ಎರಡು ಮಾತು ಬೈದಿದ್ದರೂ ಮಾವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಕಣ್ಣು ಕೈಕೊಟ್ಟಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿಗೆ ಮೊದಲು ಆಪರೇಷನ್ ಮಾಡೋಣ ಎಂದು ಕಣ್ಣಾಸ್ಪತ್ರೆಯ ಡಾಕ್ಟರು ದಿನ ಗೊತ್ತುಮಾಡಿದರು. ಸೂಜಿಗೆ ದಾರ ಪೋಣಿಸಲು ಆಗಲೇ ಮಗಳನ್ನು ಕೂಗಬೇಕಾಗಿತ್ತು. ಆಪರೇಷನ್ ಸರಿಹೋಗದಿದ್ದರೆ ಮಿಷನ್ನಿಗೆ ಮುಸುಕು ಹಾಕಿ ಮನೆಯಲ್ಲಿ ಕೂರುವುದೇ ಗತಿ. ಅದನ್ನು ನೆನೆದರೆ ಮಾವನಿಗೆ ಊಟ ಸೇರುತ್ತಿರಲಿಲ್ಲ.

ಅವರಿಗೆ ಇನ್ನೊಂದು ಗುಟ್ಟಿತ್ತು. ಎರಡು ವರ್ಷದ ಹಿಂದೆ ಮೂತ್ರ ಕಟ್ಟಿಕೊಂಡಾಗ ಬೇರೊಬ್ಬ ಡಾಕ್ಟರ ಹತ್ತಿರ ಒಬ್ಬರೇ ಹೋಗಿದ್ದರು. ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿದೆ, ವಯಸ್ಸಾದ ಗಂಡಸರಿಗೆ ಇದು ಸಾಮಾನ್ಯ ಎಂದು ಅವರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಮಾತ್ರೆಯಿಂದ ಗುಣವೂ ಕಂಡಿತು. ಆದರೆ ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಇದ್ದವಳು ಮಗಳೊಬ್ಬಳೇ. ಅವಳ ಮುಂದೆ ಇಂಥ ಕಾಯಿಲೆಯ ಮಾತು ಎತ್ತುವುದು ಹೇಗೆ? ಮಾವ ಮಾತ್ರೆಯ ಪಟ್ಟಿಯನ್ನು ಅಂಗಡಿಯ ಗುಂಡಿ ಡಬ್ಬಿಯಲ್ಲಿ, ಕಂದು ಗುಂಡಿಗಳ ಅಡಿಯಲ್ಲಿ ಬಚ್ಚಿಟ್ಟರು.

ಆಪರೇಷನ್ ದಿನ ಗೊತ್ತಾದ ಮೇಲೆ ಇನ್ನೂ ಒಂದು ಜಾಣತನ ಮಾಡಿದರು. ಏನೇನು ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಆಸ್ಪತ್ರೆಯಲ್ಲಿ ಕೇಳಿಯೇ ಕೇಳುತ್ತಾರೆ. ಸುಳ್ಳು ಹೇಳುವ ಜಾಯಮಾನ ಅವರದಲ್ಲ. ಅದಕ್ಕೆ ಎರಡು ವಾರ ಮೊದಲೇ ಆ ಮಾತ್ರೆ ನಿಲ್ಲಿಸಿಬಿಟ್ಟರು. ಇನ್ನು ‘ತಗೊಳ್ತಿಲ್ಲ’ ಅಂದರೆ ಅದು ನಿಜವೇ ಆಯಿತಲ್ಲ ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ಆಪರೇಷನ್ನಿಗೆ ಮುಂಚಿನ ತಪಾಸಣೆಗೆ ಮಗಳೂ ಜೊತೆಗೆ ಬಂದಳು. ಕಿಟಕಿ ಪಕ್ಕದ ಮೇಜಿನಲ್ಲಿ, ಪೆನ್ನನ್ನು ಕೂದಲಿಗೆ ಸಿಕ್ಕಿಸಿಕೊಂಡ ಕುಳ್ಳನೆಯ ಸಿಸ್ಟರ್ ಒಬ್ಬರು ಕೂತಿದ್ದರು. ಬೆಳಗಿನಿಂದ ಅವೇ ಪ್ರಶ್ನೆ, ಆದರೂ ಒಬ್ಬೊಬ್ಬರನ್ನೂ ಮೊದಲ ಸಲ ಕೇಳುವ ಹಾಗೆ ಕೇಳುತ್ತಿದ್ದರು. ಬಿಪಿ ಮಾತ್ರೆ ಇದೆ ಎಂದರು ಮಾವ. ಬೇರೆ? ಬೇರೇನಿಲ್ಲ. ಮೂತ್ರದ ತೊಂದರೆಗೆ ಏನಾದರೂ? ತಗೊಳ್ತಿಲ್ಲ.

ಸಿಸ್ಟರ್ ಅದನ್ನು ಬರೆದುಕೊಳ್ಳಲಿಲ್ಲ. ಮಾವನ ಮುಖ ನೋಡಿದರು, ಮಗಳ ಮುಖ ನೋಡಿದರು. ಬಿಪಿ ಚೀಟಿಯ ಜೆರಾಕ್ಸ್ ಬೇಕು ಎಂದು ಮಗಳನ್ನು ಹೊರಗೆ ಕಳಿಸಿದರು. ಜೆರಾಕ್ಸ್ ಫೈಲಿನಲ್ಲೇ ಇತ್ತು. ಪೊರೆ ಬಂದ ಮಾವನ ಕಣ್ಣಿಗೂ ಅದು ಕಾಣುತ್ತಿತ್ತು. ಈ ಹೆಂಗಸು ಸಾಮಾನ್ಯದವಳಲ್ಲ ಎಂದು ಅವರಿಗೆ ಅಲ್ಲೇ ಅನಿಸಿತು.

“ಯಜಮಾನ್ರೇ, ಈಗಿನದಲ್ಲ ನಾನು ಕೇಳ್ತಿರೋದು. ಯಾವಾಗಾದ್ರೂ ತಗೊಂಡಿದ್ರಾ?” ಎಂದು ಸಿಸ್ಟರ್ ದನಿ ತಗ್ಗಿಸಿ ಕೇಳಿದರು.

ಮಾವ ನಕ್ಕು ಹಾರಿಸಲು ನೋಡಿದರು. “ಅಲ್ಲಮ್ಮ, ಕಣ್ಣೆಲ್ಲಿ, ಅದೆಲ್ಲಿ? ಕಾಲರ್ ಹೊಲಿಯೋವಾಗ ಯಾರಾದ್ರೂ ಪ್ಯಾಂಟಿನ ಮಡಿಕೆ ವಿಚಾರಿಸ್ತಾರಾ?”

ಸಿಸ್ಟರೂ ನಕ್ಕರು. “ಆ ಮಾತ್ರೆ ಮೂತ್ರದ ದಾರೀಲಿರೋ ಸ್ನಾಯು ಸಡಿಲ ಮಾಡುತ್ತೆ. ಕಣ್ಣಿನ ಪಾಪೆ ಸುತ್ತ ಬಣ್ಣದ ಪರದೆ ಇದೆಯಲ್ಲ, ಅದರಲ್ಲೂ ಅಂಥದೇ ಸ್ನಾಯು ಇದೆ. ಅದೂ ಸಡಿಲ ಆಗ್ಬಿಡುತ್ತೆ. ಆಪರೇಷನ್ ನಡುವೆ ಪಾಪೆ ಚಿಕ್ಕದಾಗಿ, ಪರದೆ ಅಲುಗಾಡಿ ಡಾಕ್ಟರ ಕೈಗೆ ಅಡ್ಡ ಬರುತ್ತೆ. ಅವರಿಗೆ ಮೊದಲೇ ಗೊತ್ತಿಲ್ದೆ ಹೋದ್ರೆ ಕಣ್ಣಿಗೆ ಪೆಟ್ಟಾಗ್ಬಹುದು.”

“ಗೊತ್ತಿದ್ರೆ?”

“ಗೊತ್ತಿದ್ರೆ ಹೆದರೋದೇನಿಲ್ಲ. ಪರದೆ ಹಿಡಿದಿಡೋಕೆ ಸಣ್ಣ ಕೊಕ್ಕೆ, ಉಂಗುರ, ಔಷಧಿ ಎಲ್ಲ ಇವೆ. ಸಿದ್ಧ ಮಾಡ್ಕೊಂಡೇ ಶುರು ಮಾಡ್ತಾರೆ.”

“ಮಾತ್ರೆ ಬಿಟ್ಟಿದ್ರೆ?”

“ಬಿಟ್ರೂ ಪರದೆ ಮೊದಲಿನ ಹಾಗಾಗುತ್ತೆ ಅಂತ ನಂಬೋಕಾಗಲ್ಲ. ಎಷ್ಟೋ ದಿನದ ಹಿಂದೆ ಬಿಟ್ಟವರಲ್ಲೂ ಹೀಗಾಗುತ್ತೆ. ಅದಕ್ಕೇ ಮತ್ತೆ ಮತ್ತೆ ಕೇಳೋದು.”

ಮಾವನಿಗೆ ಬ್ಯಾಂಕಿನ ಗುಮಾಸ್ತರು ನೆನಪಾದರು. ಅವಸರದಲ್ಲಿದ್ದ ಅವರು ಬಟ್ಟೆಗೆ ನೀರು ಸೋಕಿಸದೆಯೇ ಮೂರು ಸಲವೂ ಹೌದು ಹೌದು ಎಂದಿದ್ದರು. ಮೊದಲ ಒಗೆತಕ್ಕೇ ಪ್ಯಾಂಟು ಕಣಕಾಲಿನ ಮೇಲಕ್ಕೆ ಹೋಗಿತ್ತು. ನಿಜ ಹೇಳಿದ್ದರೆ ಎರಡು ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಿದ್ದೆನಲ್ಲ ಸ್ವಾಮಿ ಎಂದು ಮಾವ ಬೀದಿಗೆಲ್ಲ ಕೇಳುವಂತೆ ಅವರನ್ನು ತರಾಟೆಗೆ ತೆಗೆದುಕೊಂಡಿದ್ದರು. ಈಗ ಆ ಗುಮಾಸ್ತರ ಜಾಗದಲ್ಲಿ ತಾವೇ ಕೂತಿದ್ದರು. ಅಷ್ಟರಲ್ಲಿ ಮಗಳು ಜೆರಾಕ್ಸ್ ಹಿಡಿದು ಬಾಗಿಲಿಗೆ ಬಂದಳು. ಮಾವ ಅವಳನ್ನು ಕಂಡರು. ಕಂಡೂ ಹೇಳಿದರು, ಅದಕ್ಕೆ ಎಂಟೆದೆ ಬೇಕು.

“ಎರಡು ವರ್ಷ ತಗೊಂಡಿದ್ದೀನಿ ತಾಯಿ. ಪ್ರಾಸ್ಟೇಟ್ ಮಾತ್ರೆ, ಟ್ಯಾಮ್ಸುಲೋಸಿನ್ ಅಂತ. ಎರಡು ವಾರದಿಂದ ನಾನೇ ನಿಲ್ಲಿಸಿದ್ದೀನಿ. ಗುಂಡಿ ಡಬ್ಬೀಲಿದೆ.”

ಸಿಸ್ಟರ್ ಕೂದಲಿನಿಂದ ಪೆನ್ನು ಎಳೆದು ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆದರು. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು, ಮತ್ತೆ ಮೂತ್ರ ಕಟ್ಟಿಕೊಂಡರೆ ಇನ್ನೊಂದು ಪಾಡು ಎಂದು ಗದರಿದರು. ಅಂದೇ ಮಾವನನ್ನು ಡಾಕ್ಟರ ಮುಂದೆ ಕೂರಿಸಿದರು.

ಮನೆಗೆ ಹೋಗುವಾಗ ಮಗಳು ಹೇಳಿದಳು. “ಗುಂಡಿ ಹಚ್ಚೋಕೆ ಆ ಡಬ್ಬೀಲಿ ದಿನಾ ಕೈಯಾಡಿಸೋಳು ನಾನೇ ಅಲ್ವೇನಪ್ಪಾ. ನನಗೆ ಯಾವತ್ತೋ ಗೊತ್ತಿತ್ತು. ನಿಮಗೆ ಸಂಕೋಚ ಅಂತ ನಾನೂ ಬಾಯಿ ಬಿಡಲಿಲ್ಲ.”

ಮಾವ ಅವಳ ಕೈ ಹಿಡಿದುಕೊಂಡರು. ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಕಾಯಲು ಹೋಗಿ ಇಬ್ಬರೂ ಸೇರಿ ಒಂದು ಕಣ್ಣನ್ನೇ ಪಣಕ್ಕಿಟ್ಟಿದ್ದರು.

ಆಪರೇಷನ್ ನಡುವೆ ಸಿಸ್ಟರ್ ಹೇಳಿದ್ದೇ ಆಯಿತು. ಪಾಪೆ ಚಿಕ್ಕದಾಯಿತು, ಪರದೆ ಅಲುಗಾಡಿತು. ಡಾಕ್ಟರು ಗಾಬರಿಯಾಗದೆ, ಮೊದಲೇ ತೆಗೆದಿಟ್ಟಿದ್ದ ಉಂಗುರ ಹಾಕಿ ಅದನ್ನು ಹಿಡಿದು ನಿಲ್ಲಿಸಿ ಕೆಲಸ ಮುಗಿಸಿದರು. ಅವರ ಕೈಚಳಕ ದೊಡ್ಡದು. ಮೇಜಿನ ಹಿಂದೆ ಕೂತು ಇನ್ನೊಂದು ಸಲ ಕೇಳಿದ ಆ ಸಿಸ್ಟರ ತಾಳ್ಮೆಯೂ ಅಷ್ಟೇ ದೊಡ್ಡದು ಎಂದು ಟೇಪ್ ಮಾವ ಇಂದಿಗೂ ಗಿರಾಕಿಗಳ ಮುಂದೆ ಕೊಂಡಾಡುತ್ತಾರೆ.

ಕಣ್ಣು ವಾಸಿಯಾದ ಮೇಲೆ ಮಾವ ಮೊದಲು ಮಾಡಿದ ಕೆಲಸವೆಂದರೆ ಮೇಷ್ಟ್ರ ಅಂಗಿಯನ್ನು ಅವರು ಬೇಡವೆಂದರೂ ಕೇಳದೆ ತರಿಸಿಕೊಂಡದ್ದು. ಸೂಜಿಗೆ ತಾವೇ ದಾರ ಪೋಣಿಸಿ ಐದನೆಯ ಕಾಜವನ್ನು ಸರಿಮಾಡಿದರು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದೀತು, ಹುಡುಕಿ. ಪ್ರಾಸ್ಟೇಟಿಗೋ ಮೂತ್ರದ ತೊಂದರೆಗೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ಎಂದಾದರೂ ತೆಗೆದುಕೊಂಡಿದ್ದರೆ, ಕಣ್ಣಿನ ಆಪರೇಷನ್ನಿಗೆ ಮೊದಲು ಡಾಕ್ಟರಿಗೆ ತಿಳಿಸಿ. ಮಾತ್ರೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಹೋಗಿ. ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ. ಕೇಳಿದ್ದನ್ನೇ ಮತ್ತೆ ಕೇಳುವ ಸಿಸ್ಟರ್ ಎಲ್ಲರಿಗೂ ಸಿಗುವುದಿಲ್ಲ. ಮೊದಲ ಸಲ ಕೇಳಿದಾಗಲೇ ಹೇಳಿಬಿಡಿ. ಯಾರೂ ಕೇಳದೆ ಹೋದರೂ ಹೇಳಿಬಿಡಿ.