ದಾವಲಬೀ ಹಾಕಿದ ಒಂದೇ ಆಣೆ

"ನಿಂದರ್ರಿ! ಎತ್ತಬ್ಯಾಡ್ರಿ ಇನ್ನ!"

ಹೆಣವಿಟ್ಟ ಜನಾಜಾಕ್ಕೆ ಹೆಗಲು ಕೊಡಲು ಬಾಗಿದ್ದ ನಾಲ್ವರೂ ಹಾಗೇ ನಿಂತರು. ಸತ್ತವಳ ಮಗಳು ಮೆಹಜಬೀನ ಅಂಗಳದ ಬಾಗಿಲಿಗೆ ಅಡ್ಡ ಬಂದಿದ್ದಳು. ತಲೆಯ ಮೇಲಿನ ಸೆರಗು ಜಾರಿದ್ದೂ ಅವಳಿಗೆ ಗೊತ್ತಿರಲಿಲ್ಲ.

"ಏನಾತವ್ವಾ?" ಎಂದರು ಶಫೀಸಾಬ. ಸತ್ತ ದಾವಲಬೀಗೆ ಅವರು ಮೈದುನ, ಈಗ ಮನೆಗೆ ಹಿರಿಯರು. "ನಮಾಜಿಗೆ ಹೊತ್ತಾತು. ಮಸೂತಿ ಮುಂದ ಮಂದಿ ಕಾಯಾಕ ಹತ್ಯಾರ."

"ಗುರುಲಿಂಗಮ್ಮಕ್ಕನ ಕೂಡ ಒಂದು ಮಾತು ಆಡೂದೈತಿ, ಕಾಕಾ. ಅಮ್ಮಾ ಹೇಳಿ ಹೋಗ್ಯಾಳ. ಆಕಿ ಮಾಫ್ ಮಾಡಿದ ಮ್ಯಾಲೇನ ನನ್ನ ಎತ್ತರಿ ಅಂತ."

ಬೇವಿನ ಗಿಡದ ಕೆಳಗೆ ಹೆಂಗಸರ ನಡುವೆ ಕೂತಿದ್ದ ಗುರುಲಿಂಗಮ್ಮ ತಲೆ ಎತ್ತಿದಳು. ತಾನು ಮಾಫ್ ಮಾಡುವುದೇ? ದಾವಲಬೀಗೆ? ತಲೆಯ ಮೇಲೆ ಬುಟ್ಟಿ, ಹೆಗಲ ಮೇಲೆ ಬಳೆ ಪೋಣಿಸಿದ ಮಲಾರ ಹೊತ್ತು ನಲವತ್ತು ವರ್ಷ ಬೇವೂರಿನ ಓಣಿ ಓಣಿ ತಿರುಗಿದ ಹೆಂಗಸು ಅದು. ಯಾರ ಮನೆಯ ಮಾತನ್ನೂ ಇನ್ನೊಬ್ಬರ ಮನೆಗೆ ಒಯ್ದವಳಲ್ಲ. ಅವಳು ಮಾಡಿದ ತಪ್ಪಾದರೂ ಏನು?

ಪಕ್ಕದ ಮನೆಯ ಶೈಲಜಾಳಿಗೂ ಅದೇ ಸೋಜಿಗ. "ಎಂಥಾ ಮಾಫ್ ಬೇ? ಸುಳ್ಳಂದ್ರೇನಂತ ಗೊತ್ತಿದ್ದಿಲ್ಲ ಆಕಿಗೆ. ಬಳಿ ಮಾರೋ ಮಂದಿ ಮಾತಿಗೊಮ್ಮೆ ಆಣಿ ಹಾಕ್ತಾರ. ಈಕಿ ಒಂದಿನಾನೂ ಹಾಕಲಿಲ್ಲ ನೋಡು. ನಂಬಿದ್ರ ತೊಗೋರಿ, ಇಲ್ಲಾಂದ್ರ ಬಿಡ್ರಿ ಅಂತಿದ್ಲು."

ಒಂದು ಸಲ ಹಾಕಿದ್ದಳು, ಎಂದು ಗುರುಲಿಂಗಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ನನ್ನ ಸಲುವಾಗಿ ಹಾಕಿದ್ದಳು. ಆ ಒಂದು ಆಣೆಯ ಮೇಲೆ ಇಪ್ಪತ್ಮೂರು ವರ್ಷ ಬಾಳಿದ್ದೇನೆ.

*

ಆಗ ಅವಳಿಗೆ ಇಪ್ಪತ್ತೊಂದು ವರ್ಷ, ಐದು ತಿಂಗಳ ಬಸುರಿ. ಭತ್ತದ ನಾಟಿಗೆಂದು ಶ್ರೀರಾಮನಗರಕ್ಕೆ ಹೋದ ಗಂಡ ದೇವೇಂದ್ರಪ್ಪನ ಸುದ್ದಿ ಇಲ್ಲದೆ ಎರಡು ವಾರವಾಗಿತ್ತು. ಕಾಲುವೆಯಲ್ಲಿ ಹೋದನಂತೆ ಎಂಬ ಮಾತು ಗಾಳಿಯಲ್ಲಿ ಬಂತು. ಕಂಡವರಿಲ್ಲ, ಹೆಣ ನೋಡಿದವರಿಲ್ಲ. ಅಷ್ಟಕ್ಕೇ ಅತ್ತೆ ಎದೆ ಬಡಿದುಕೊಂಡಳು. ಓಣಿಯ ಮುದುಕಿಯರು ಸೊಸೆಯನ್ನು ಎಳೆದು ತಂದು ಹೊಸ್ತಿಲ ಬಳಿ ಕೂರಿಸಿ, ಅವಳ ಕೈಯನ್ನು ಕಲ್ಲಿನ ಮೇಲಿಟ್ಟರು. ಏನು ಅವಸರವೋ ಆ ಪುಣ್ಯಾತ್ಗಿತ್ತಿಯರಿಗೆ! ಗಂಡ ಸತ್ತನೋ ಇದ್ದಾನೋ ತಿಳಿಯುವ ಮೊದಲೇ ಹೆಂಡತಿಯ ಬಳೆ ಒಡೆಯಲು ಕಲ್ಲು ತಯಾರು.

"ಇವು ಒಡದ ದಿನಾನ ನಾ ಬಾವಿಗೆ ಬೀಳ್ತೀನಿ," ಎಂದಳು ಗುರುಲಿಂಗಮ್ಮ. ಅವಳು ಅತ್ತಿರಲಿಲ್ಲ. ಅದನ್ನು ಕೇಳಿದ ಯಾರಿಗೂ ಅದು ಬರೀ ಬೆದರಿಕೆ ಎನಿಸಲಿಲ್ಲ.

ಅಷ್ಟರಲ್ಲಿ ದಾವಲಬೀ ಬಂದಳು. ತಲೆಯ ಮೇಲಿನ ಬುಟ್ಟಿಯನ್ನೂ ಇಳಿಸದೆ ಕೂಗಿದಳು.

"ಕೈ ಬಿಡ್ರಿ ಆಕಿದು! ಅಂವ ಜೀವಂತ ಅದಾನ. ನಿನ್ನೆ ಹೇಮಗುಡ್ಡದಾಗ, ದುರ್ಗಮ್ಮನ ಗುಡಿ ಮುಂದ, ನಾನ ನೋಡೀನಿ. ನೀಲಿ ಅಂಗಿ ಹಾಕ್ಕೊಂಡಿದ್ದ. ಮೇಸ್ತ್ರಿ ಕೂಡ ಜಗಳಾಡಿ ಹೈದರಾಬಾದ ಕಡೆ ಹೊಂಟೀನಿ, ಬರ್ತೀನಂತ ಹೇಳು ಅಂದ."

"ಖರೇನ?" ಎಂದಳು ಅತ್ತೆ.

"ಅಲ್ಲಾನ ಆಣಿ."

ಮುದುಕಿಯರು ಕೈ ಬಿಟ್ಟರು. ದಾವಲಬೀ ಅಲ್ಲೇ ಕುಕ್ಕರಗಾಲಲ್ಲಿ ಕೂತು ಮಲಾರದಿಂದ ಹಸಿರು ಬಳೆ ಬಿಡಿಸಿದಳು. ಗುರುಲಿಂಗಮ್ಮನ ಮುಷ್ಟಿ ಇನ್ನೂ ಬಿಗಿದೇ ಇತ್ತು. "ಕೈ ಸಡ್ಲ ಬಿಡವ್ವಾ. ಕೈ ನನಗ ಒಪ್ಪಿಸು," ಎಂದಳು. ಗುರುಲಿಂಗಮ್ಮ ಒಪ್ಪಿಸಿದಳು.

ನಾಲ್ಕು ತಿಂಗಳಿಗೆ ಅಮೃತಾ ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ದಾವಲಬೀ ಒಂದು ಜೊತೆ ಕರಿ ಬಳೆ ತಂದು ಕೂಸಿನ ಕೈಗೆ ತೊಡಿಸಿದಳು. ಎಷ್ಟು ಬೇಡಿದರೂ ಅದಕ್ಕೆ ರೊಕ್ಕ ಮುಟ್ಟಲಿಲ್ಲ.

ದೇವೇಂದ್ರಪ್ಪ ಮಾತ್ರ ಬರಲಿಲ್ಲ. ಪಂಚಮಿಗೊಮ್ಮೆ, ಸಂಕ್ರಾಂತಿಗೊಮ್ಮೆ ಬಳೆ ತೊಡಿಸಿಕೊಳ್ಳುತ್ತ ಗುರುಲಿಂಗಮ್ಮ ಕೇಳುತ್ತಿದ್ದಳು: ಅವತ್ತು ಹೆಂಗಿದ್ದ, ಸೊರಗಿದ್ದನೇನು, ಅಂಗಿ ಯಾವುದು ಹಾಕ್ಕೊಂಡಿದ್ದ? ದಾವಲಬೀ ಬೇಸರವಿಲ್ಲದೆ ಹೇಳುತ್ತಿದ್ದಳು. ಆರನೆಯ ವರ್ಷವೋ ಏಳನೆಯ ವರ್ಷವೋ, ಅವಳ ಬಾಯಲ್ಲಿ ಬಿಳಿ ಅಂಗಿ ಅಂತ ಬಂತು. ಅಂದಿನಿಂದ ಗುರುಲಿಂಗಮ್ಮ ಕೇಳುವುದನ್ನು ಬಿಟ್ಟಳು. ಕೈ ಮಾತ್ರ ಚಾಚುತ್ತಿದ್ದಳು.

ಹೋದ ವರ್ಷ ಅಮೃತಾಳ ಲಗ್ನಪತ್ರಿಕೆಯಲ್ಲಿ ತಂದೆಯ ಹೆಸರಿನ ಹಿಂದೆ ದಿವಂಗತ ಎಂದು ಹಾಕಲೇ ಎಂದು ಕೇಳಿದ ಯಲಬುರ್ಗಾದ ಪ್ರೆಸ್ಸಿನವನಿಗೆ ಅವಳು ಛೀಮಾರಿ ಹಾಕಿ ಬಂದಿದ್ದಳು. ಬರುವ ಶುಕ್ರವಾರ ಅಮೃತಾಳ ಕುಬಸ. ಬಸುರಿ ಮಗಳ ಉಡಿಯನ್ನು ಮುತ್ತೈದೆಯಾದ ತಾನೇ ತುಂಬಬೇಕು, ಹಸಿರು ಬಳೆ ದಾವಲಬೀಯೇ ತೊಡಿಸಬೇಕು. ಹಾಗೆಂದು ಮಾತಾಗಿ ಎಂಟು ದಿನವೂ ಆಗಿರಲಿಲ್ಲ.

*

ಒಳಕೋಣೆಯ ಗೂಟದಲ್ಲಿ ಮಲಾರ ತೂಗುಬಿದ್ದಿತ್ತು. ಮೆಹಜಬೀನ ಗುರುಲಿಂಗಮ್ಮನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ಮಾತು ಶುರು ಮಾಡಲಾರದೆ ಬಿಕ್ಕಿದಳು.

"ಹೇಳವ್ವಾ," ಎಂದಳು ಗುರುಲಿಂಗಮ್ಮ. "ಹೊರಗ ನಿಮ್ಮವ್ವ ಕಾಯಾಕ ಹತ್ಯಾಳ."

"ಅಮ್ಮಾ ಹೇಮಗುಡ್ಡಕ್ಕ ಹೋಗಿದ್ದಿಲ್ಲಕ್ಕಾ."

"ಮತ್ತ ಆ ನೀಲಿ ಅಂಗಿ?" ಎಂದಳು ಗುರುಲಿಂಗಮ್ಮ.

"ನಮ್ಮ ಅಬ್ಬಾ ಶ್ರೀರಾಮನಗರಕ್ಕ ಬಳಿ ಮಾರಾಕ ಹೋಗಿದ್ರು. ಕಾಲುವ್ಯಾಗ ಒಂದು ಹೆಣ ಸಿಕ್ಕಿತ್ತಂತ. ಯಾರೂ ಬರಲಿಲ್ಲಂತ ಅಲ್ಲೇ ಮಣ್ಣು ಮಾಡಿದ್ರು. ಅಂಗಿ ಅಷ್ಟ ತೋರಿಸಿದ್ರು, ನೀಲಿ ಅಂಗಿ. ಕಿಸೆದಾಗ ಕಾಗದದಾಗ ಸುತ್ತಿ ಕೂಸಿನ ಕರಿ ಬಳಿ ಇದ್ದೂವಂತ. ನಿನ್ನ ಗಂಡ ಎಂಟು ದಿನದ ಹಿಂದ ಅವನ್ನ ಅಬ್ಬಾನ ಕಡೇನ ಕೊಂಡಿದ್ದ. ಹುಟ್ಟೋ ಕೂಸಿಗೆ ಅಂತ ಹೇಳಿ ಕೊಂಡಿದ್ದ. ಅಬ್ಬಾ ಅವನ್ನ ಇಸಗೊಂಡು ಬಂದು ಅಮ್ಮಾನ ಕೈಯಾಗ ಕೊಟ್ರು."

"ಕರಿ ಬಳಿ…"

"ಹೂಂ ಅಕ್ಕಾ. ತೊಟ್ಟಲದಾಗ ಅಮೃತಾಗ ತೊಡಿಸಿದ್ಲಲ್ಲ, ಅವು."

ಅಯ್ಯೋ ಶಿವನೇ! ಆ ಬಳೆಗಳು ಈಗಲೂ ಗುರುಲಿಂಗಮ್ಮನ ಟ್ರಂಕಿನಲ್ಲಿದ್ದವು. ಮೊಮ್ಮಗುವಿಗೆಂದು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದಳು. ಗಂಡನ ಕೈ ಮುಟ್ಟಿದ ಬಳೆ ಅದೆಂದು ಗೊತ್ತಿಲ್ಲದೆಯೇ.

"ಖರೇ ಹೇಳಾಕಂತನ ಬಂದಿದ್ಲು ಅವತ್ತು. ನಿನ್ನ ಕೈ ಕಲ್ಲಿನ ಮ್ಯಾಲೆ ನೋಡಿದ್ಲು, ಬಾವಿ ಮಾತು ಕೇಳಿದ್ಲು, ಬಾಯಾಗ ಬ್ಯಾರೇನ ಬಂತು. ಹಡದ ಮ್ಯಾಲೆ ಹೇಳ್ತೀನಿ ಅಂದ್ಲು. ಆಮ್ಯಾಲೆ ಕೂಸು ನಡೀಲಿ ಅಂದ್ಲು. ಆಮ್ಯಾಲೆ ಆಗಲೇ ಇಲ್ಲ. ಸುಳ್ಳ ಆಣಿ ಹಾಕಿದ ಬಾಯಿ ನಂದು, ಗುರುಲಿಂಗಿ ಮಾಫ್ ಮಾಡದಿದ್ರ ಮಣ್ಣೂ ನನ್ನ ತೊಗೊಳ್ಳೂದಿಲ್ಲ ಅಂತ ಅಳಕೋತನ ಜೀವಾ ಬಿಟ್ಲಕ್ಕಾ."

ಸಿಟ್ಟು ಬಂತು ಗುರುಲಿಂಗಮ್ಮನಿಗೆ. ಇಪ್ಪತ್ಮೂರು ವರ್ಷ ಬಸ್ಸು ನಿಂತ ಸದ್ದಾದಾಗಲೆಲ್ಲ ಬಾಗಿಲಿಗೆ ಓಡಿದವಳು ತಾನು. ಇವಳು ಎಲ್ಲ ಗೊತ್ತಿದ್ದೂ ಎದುರಿಗೆ ಕೂತು ಬಳೆ ತೊಡಿಸಿದಳಲ್ಲ! ಮರುಗಳಿಗೆಯೇ ಆ ಬಿಳಿ ಅಂಗಿ ನೆನಪಾಯಿತು. ಅವತ್ತು ತಾನು ಇನ್ನೊಂದು ಮಾತು ಕೇಳಿದ್ದರೆ ಸಾಕಿತ್ತು, ದಾವಲಬೀ ಹೇಳಿಬಿಡುತ್ತಿದ್ದಳು. ಕೇಳದೆ ಇದ್ದವಳು ಯಾರು?

ಈಗಲೂ ದಾರಿ ಇತ್ತು. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ ಎಂದು ಎದ್ದು ಹೋಗಬಹುದಿತ್ತು. ಶುಕ್ರವಾರ ಮಗಳ ಉಡಿ ತುಂಬಬಹುದಿತ್ತು. ಆದರೆ ಸುಳ್ಳು ಸುಳ್ಳೆಂದು ಒಪ್ಪದೆ ಮಾಫ್ ಮಾಡುವುದು ಯಾವುದನ್ನು?

"ಮೆಹಜಬೀನ, ಹೊತ್ತಾತವ್ವಾ," ಎಂದು ಶಫೀಸಾಬ ಹೊರಗಿನಿಂದ ಕರೆದರು.

ಗುರುಲಿಂಗಮ್ಮ ಮುಖ ಒರೆಸಿಕೊಂಡು ಅಂಗಳಕ್ಕೆ ಬಂದಳು. ಜನಾಜಾದ ತಲೆಯ ಕಡೆ ನಿಂತಳು. ಮೆಲ್ಲಗೆ ಹೇಳಿದ್ದರೂ ನಡೆಯುತ್ತಿತ್ತು. ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು.

"ದಾವಲವ್ವಾ, ನೀ ನೋಡಿದ್ದಿಲ್ಲ. ನೀ ಹಾಕಿದ ಆಣಿ ಸುಳ್ಳಿತ್ತು. ನನ್ನ ಗಂಡ ಆವಾಗ ಹೋಗ್ಯಾನ. ನಾ ಒಪ್ಪೀನಿ, ನಾ ಮಾಫ್ ಮಾಡೀನಿ. ನೀ ಇನ್ನ ಹಗರಾಗಿ ಹೋಗು, ನನ್ನವ್ವಾ."

ಶಫೀಸಾಬ ಕಣ್ಣು ಒರೆಸಿಕೊಂಡು ಸನ್ನೆ ಮಾಡಿದರು. ಕಲಿಮಾ ಹೇಳುತ್ತ ಗಂಡಸರು ಜನಾಜಾ ಎತ್ತಿಕೊಂಡು ಓಣಿ ದಾಟಿದರು.

ಹೆಂಗಸರ ಕಣ್ಣೆಲ್ಲ ಈಗ ಗುರುಲಿಂಗಮ್ಮನ ಕೈ ಮೇಲಿದ್ದವು. "ಶುಕ್ರವಾರ ಉಡಿ ಯಾರು ತುಂಬಬೇಕ?" ಎಂದು ಶೈಲಜಾ ಅಳುತ್ತ ಕೇಳಿದಳು. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಗೋಡೆ ಹಿಡಿದು ಎದ್ದು, ನೆಲದ ಮೇಲೆ ಏನನ್ನೋ ಹುಡುಕತೊಡಗಿದಳು. ಕಲ್ಲನ್ನೇ ಇರಬೇಕು.

ಗುರುಲಿಂಗಮ್ಮ ಒಳಗೆ ಹೋಗಿ ಮೆಹಜಬೀನಳ ಮುಂದೆ ಕೂತು ಎರಡೂ ಕೈ ಚಾಚಿದಳು.

"ಒಡೀಬ್ಯಾಡ. ನಿಮ್ಮವ್ವ ಹೆಂಗ ತೊಡಿಸಿದ್ಲೋ ಹಂಗ ತಗಿ."

ಮೆಹಜಬೀನ ಸಾಬೂನಿನ ನೀರು ತಂದಳು. ತಾಯಿಯ ಕಸುಬು ಅವಳಿಗೂ ಕೈಗೆ ಬಂದಿತ್ತು. ಹೆಬ್ಬೆರಳಿನ ಬುಡ ಒತ್ತಿ ಹಿಡಿದು ಒಂದೊಂದೇ ಬಳೆ ಇಳಿಸಿದಳು. ಇಡಿಯಾಗಿಯೇ ಬಂದ ಬಳೆಗಳನ್ನು ಗುರುಲಿಂಗಮ್ಮನ ಮಡಿಲಿಗೆ ಹಾಕಿದಳು. ಎಡಗೈ ಬರಿದಾಯಿತು. ಬಲಗೈಯಲ್ಲಿ ಕೊನೆಯದೊಂದು ಉಳಿಯಿತು.

"ಕೈ ಸಡ್ಲ ಬಿಡಕ್ಕಾ," ಎಂದಳು ಮೆಹಜಬೀನ. "ಕೈ ನನಗ ಒಪ್ಪಿಸು."

ಅದೇ ಮಾತು, ಅದೇ ದನಿ. ಗುರುಲಿಂಗಮ್ಮ ಹೂಂ ಎಂದು ತಲೆ ಅಲ್ಲಾಡಿಸಿದಳು. ಆದರೆ ಬಿಗಿದ ಮುಷ್ಟಿ ಬಿಚ್ಚಲಿಲ್ಲ. ಮಣ್ಣು ಕೊಟ್ಟು ಗಂಡಸರು ಮನೆಗೆ ಮರಳಿದಾಗಲೂ ಅವರಿಬ್ಬರೂ ಹಾಗೇ ಕೂತಿದ್ದರು. ಸಾಬೂನಿನ ನೊರೆ ಕೈಯಲ್ಲೇ ಒಣಗಿತ್ತು. ಆ ಒಂದು ಹಸಿರು ಬಳೆ ಗೆಣ್ಣಿನ ಮೇಲೆ ನಿಂತಿತ್ತು.