ಕಲ್ಲು ಕಾಣುವಷ್ಟು ವಿಡಿಯೋ

ವಿಡಿಯೋ ಎರಡು ನಿಮಿಷದ್ದು, ತೂಕ ಮುನ್ನೂರ ನಲವತ್ತು ಎಂ.ಬಿ. ಬೀದರಿನ ಸಣ್ಣ ಸುದ್ದಿ ವೆಬ್‌ಸೈಟಿನ ಮಾಲೀಕ ಯಾಕೂಬ ಅದನ್ನು ತನ್ನ ಹೊಸ ಫೋನಿನಲ್ಲಿ ತಾನೇ ತೆಗೆದಿದ್ದ. ಆಫೀಸಿನ ವೈಫೈನಲ್ಲಿ ಅದು ನೀರು ಹರಿದಂತೆ ಓಡಿತ್ತು. ನೋಡಬೇಕಾದವರು ಮಾತ್ರ ನೋಡಿಲ್ಲವೆಂಬುದು ವಿಡಿಯೋ ವಿಭಾಗದ ಕರುಣಾಳಿಗೆ ತಿಳಿದದ್ದು ಶನಿವಾರ, ಸಂತಪುರದ ಆಚೆಯ ಹಳ್ಳಿಯಿಂದ ವೈಜಿನಾಥ ಫೋನ್ ಮಾಡಿದಾಗ.

“ಮೇಡಂ, ನಮ್ಮಕ್ಕನ ದನಿ ಕೇಳ್ತದ್ರಿ. ಪಡದಾ ಮಾತ್ರ ಕರ್ರಗ. ಕೆಲವರ ಫೋನಿನಾಗ ಬರೇ ಚಕ್ರ ತಿರಗತದ.”

ಅಕ್ಕ ಎಂದರೆ ಜನಾಬಾಯಿ. ಕುರಿ ಹೊಡೆದುಕೊಂಡು ಗಡಿ ದಾಟಿ ಹೋದವಳು ಇನ್ನೊಂದು ತಿಂಗಳು ತಿರುಗಿ ಬರುವವಳಲ್ಲ. ಅವಳ ಬಳಿ ಫೋನೂ ಇಲ್ಲ. ಹೋಗುವ ಮೊದಲು ಕ್ಯಾಮೆರಾದ ಮುಂದೆ ಕೈ ಚಾಚಿ ಹೇಳಿದ್ದಳು: “ಈ ಕಲ್ಲಿನಿಂದ ಆ ಬೇವಿನ ಗಿಡದ ತನಕ ಕುರಿ ದಾರಿ. ಬಿಡಂಗಿಲ್ಲ.” ಹೊಲ ಕೊಂಡವರ ಕಡೆಯ ಸತೀಶಕುಮಾರ ಅದೇ ದಾರಿಗೆ ತಂತಿಬೇಲಿ ಹಾಕಲು ಹೊರಟಿದ್ದ. ಸೋಮವಾರ ಗ್ರಾಮಸಭೆಯಲ್ಲಿ ಅದರ ತೀರ್ಮಾನ.

“ಅಕ್ಕ ತೋರಿಸಿದ ಕಲ್ಲು ಹಳ್ಳದ ದಂಡಿದು, ಇಲ್ಲಿದಲ್ಲ ಅಂತ ಊರ ತುಂಬ ಹೇಳಕೋತ ಹೊಂಟಾನ್ರಿ. ಕಲ್ಲೇ ಕಾಣವಲ್ದು, ನಾವೇನಂತ ಜಗಳಾಡೂಣು?”

ಕಾರಣ ಸರಳವಾಗಿತ್ತು. ಹೊಸ ಫೋನು ವಿಡಿಯೋ ಉಳಿಸುವ ಎಚ್.265 ಎಂಬ ಮಾದರಿ ಹಳೆಯ ಫೋನುಗಳಿಗೆ ತಿಳಿಯದು. ಅವು ದನಿಯನ್ನಷ್ಟೇ ಕೇಳಿಸುತ್ತವೆ, ಚಿತ್ರ ತೋರಿಸಲಾರವು. ಚಕ್ರ ತಿರುಗುವುದು ಫೈಲಿನ ತೂಕಕ್ಕೆ. ಎಚ್.264ರ ಎಂಪಿ4 ಫೈಲಾದರೆ ಹೆಚ್ಚುಕಡಿಮೆ ಎಲ್ಲದರಲ್ಲೂ ಓಡುತ್ತದೆ.

“ಬದಲಿ ಮಾಡ್ತೇನಿ, ಯಾಕೂಬ ಭಾಯಿ.”

“ಮಸಕ ಆಗ್ತದ. ಬೆಂಗಳೂರಿನವರು ನೋಡಿದ್ರ ನಗ್ತಾರ.”

“ನಗಲಿ. ಅವರ ಕುರಿ ಆ ದಾರೀಲೆ ಹೋಗಂಗಿಲ್ಲ.”

“ಸೈಟ್ ನಂದದ, ಕರುಣಾ.”

“ಮಾತು ಜನಾಬಾಯಿದದ. ಊರಿಗೆ ಕಾಣದ ಸುದ್ದಿ ನಾ ಇಡಂಗಿಲ್ಲ. ಬ್ಯಾಡಂದ್ರ ಈಗಿಂದೀಗ ತಗದು ಹಾಕ್ತೇನಿ. ತಗೀಲೇನು?”

ಯಾಕೂಬ ಚಹಾದ ಲೋಟ ಎತ್ತಿಕೊಂಡ. ಅದನ್ನೇ ಬದಲಿ ಮಾಡಲು ಒಪ್ಪಿಗೆ ಎಂದುಕೊಂಡು ಅವಳು ಕೆಲಸಕ್ಕೆ ಕೂತಳು.

ಮೊದಲು ತೀರ ಹಗುರ ಮಾಡಿದಳು: 240 ಪಿಕ್ಸೆಲ್ ಸಾಲಿನ ಚಿತ್ರ, ನಾಲ್ಕು ಎಂ.ಬಿ. ಸಂಜೆ ತನ್ನೂರು ಭಾಲ್ಕಿಯಲ್ಲಿ ಬಸ್ಸಿಳಿದು, ನಿಲ್ದಾಣದ ಹೊರಗೆ ಬಾಳೆಹಣ್ಣು ಮಾರುವ ಶಾಲುಬಾಯಿಯ ಹಳೇ ಫೋನು ಕೇಳಿ ಪಡೆದಳು. ಒತ್ತಿದ್ದೇ ತಡ, ಓಡಿತು.

“ಕಾಕು, ಕಲ್ಲು ಕಾಣ್ತದೇನು?”

“ಯಾವ ಕಲ್ಲವ್ವ? ಕೈ ಅದ, ಮಣ್ಣದ. ಮಣ್ಣು ನೋಡಾಕ ನನಗ ಫೋನ್ ಯಾಕ ಬೇಕು?”

ಕರಿಮಣ್ಣಿನಲ್ಲಿ ಕರಿಕಲ್ಲು ಕರಗಿಹೋಗಿತ್ತು. ಹೀಗೇ ಬಿಟ್ಟರೆ ಗೆಲ್ಲುವವನು ಸತೀಶಕುಮಾರನೇ.

ಭಾನುವಾರ ರಜೆ. ಆದರೂ ಬೀದರಿಗೆ ಹೋಗಿ ಮತ್ತೆ ಮಾಡಿದಳು: 480 ಸಾಲು, ಹದಿನಾಲ್ಕು ಎಂ.ಬಿ. ವಿಡಿಯೋ ಓಡಿಸಲು ಫೋನು ಮೊದಲು ಓದಬೇಕಾದ ವಿವರಪಟ್ಟಿ ಫೈಲಿನ ಕೊನೆಯಲ್ಲಿತ್ತು; ಅದನ್ನು ಮೊದಲಿಗೆ ತಂದಳು. ಇನ್ನು ಪೂರ್ತಿ ಇಳಿಯುವ ತನಕ ಕಾಯಬೇಕಿಲ್ಲ. ಸಂಜೆ ಶಾಲುಬಾಯಿ ಫೋನನ್ನು ಮೂಗಿನ ಹತ್ತಿರ ಹಿಡಿದಳು.

“ಹಾಂ, ಸುಣ್ಣದ ಸಣ್ಣ ಪಟ್ಟಿ ಹೊಡದ ಕಲ್ಲು. ಹಿಂದ ನೀರಿನ ಟಾಕಿ ಅದ.”

ಹಳ್ಳದ ದಂಡೆಯಲ್ಲಿ ಟಾಕಿ ಇಲ್ಲವೆಂದು ವೈಜಿನಾಥನನ್ನು ಕೇಳಿ ಖಾತ್ರಿ ಮಾಡಿಕೊಂಡು, ಹೊಸ ವಿಡಿಯೋದ ಲಿಂಕ್ ಅವನಿಗೆ ಕಳಿಸಿಯೇ ಅವಳು ಮನೆಗೆ ನಡೆದಳು.

ಸೋಮವಾರ ಹನ್ನೊಂದೂವರೆಗೆ ಸಭೆಯ ನಡುವಿನಿಂದಲೇ ವೈಜಿನಾಥನ ಕರೆ ಬಂತು. ಕರುಣಾ ಸ್ಪೀಕರ್ ಹಾಕಿ ಫೋನನ್ನು ಯಾಕೂಬನ ಮೇಜಿನ ಮೇಲಿಟ್ಟಳು.

“ಫೋನ್ ಬಂದ್ ಮಾಡ್ರಿ!” ಸತೀಶಕುಮಾರನ ದನಿ. “ಇದು ಸಭಾ ಅದ, ಸಿನಿಮಾ ಅಲ್ಲ!”

“ಮೊದಲ ಹಳ್ಳದ ದಂಡಿಗೆ ಟಾಕಿ ಕಟ್ಟಿ ತೋರಸಪ್ಪ!” ಎಂದಳು ಯಾವಳೋ ಒಬ್ಬಳು. ನಗೆ ಎದ್ದಿತು.

“ಬಂದ್ ಮಾಡ್ರಿ ಅಂದೆ!”

ಯಾರೂ ಬಂದ್ ಮಾಡಲಿಲ್ಲ. ಮತ್ತೆ ಮೊದಲಿನಿಂದ ಒತ್ತಿದರು. ಒಂದು ಫೋನು ಮುಂದೆ, ಒಂದು ಅರೆಕ್ಷಣ ಹಿಂದೆ, ಮೂಲೆಯಲ್ಲೆಲ್ಲೋ ಇನ್ನೊಂದು. ಗಡಿಯಾಚೆ ಕುರಿ ಮೇಯಿಸುತ್ತಿದ್ದ ಜನಾಬಾಯಿ ಸಭೆಯ ಉದ್ದಗಲಕ್ಕೂ ಹೇಳುತ್ತಲೇ ಇದ್ದಳು: ಬಿಡಂಗಿಲ್ಲ, ಬಿಡಂಗಿಲ್ಲ, ಬಿಡಂಗಿಲ್ಲ.