ಅಂದಾನೆಪ್ಪನ ಎದುರಿನ ಕುರ್ಚಿ

ಅಂದಾನೆಪ್ಪ ಟಿವಿಯಲ್ಲಿ ಕಂಡಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತದೆ. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚೇ ಅದು. ಇಬ್ಬರೂ ತಿರ್ಲಾಪುರದವರು, ಎಷ್ಟೋ ವರ್ಷ ಎದುರುಬದುರು ನಿಂತು ಗೀಗೀ ಪದ ಹಾಡಿದವರು. ಗಂಡು ಹೆಚ್ಚೆಂದು ವಾದಿಸುವ ಹರದೇಶಿ ಮೇಳ ಅವನದು, ಹೆಣ್ಣು ಹೆಚ್ಚೆನ್ನುವ ನಾಗೇಶಿ ಮೇಳ ನನ್ನದು. ಒಮ್ಮೆಯಾದರೂ ನನ್ನನ್ನು ಗೆದ್ದ ಮನುಷ್ಯನಲ್ಲ. ಈಗ ನೋಡಿದರೆ ಕೋಟು ಹಾಕಿಕೊಂಡು ಹುಬ್ಬಳ್ಳಿಯ ಒಂದು ಚಾನೆಲ್ಲಿನಲ್ಲಿ ರಾಜಕೀಯ ವಿಶ್ಲೇಷಕನಂತೆ!

ಏನು ವಿಶ್ಲೇಷಣೆ ಅಂತೀರಿ? ಮಳೆ ಬಂದರೆ ಸರ್ಕಾರದ ಪುಣ್ಯ, ಬಾರದಿದ್ದರೆ ವಿರೋಧ ಪಕ್ಷದ ಪಾಪ. ಅವನು ಬಾಯಿ ತೆರೆಯುವ ಮೊದಲೇ ಚಹಾದಂಗಡಿಯ ಮುದಕಪ್ಪ ಅವನ ಮಾತನ್ನು ಹೇಳಿ ಮುಗಿಸುತ್ತಾನೆ. ಆದರೂ ಅಂಗಡಿ ತುಂಬ ಜನ ಬಾಯಿ ಬಿಟ್ಟುಕೊಂಡು ಅವನನ್ನೇ ನೋಡುತ್ತಾರೆ. ಬಾಜುವಿನಲ್ಲೇ ಕೂತ ನನಗೆ 'ಚಹಾ ತಗೋರಿ' ಅನ್ನುವವನೊಬ್ಬನಿಲ್ಲ.

ಒಂದು ದಿನ ವಿರೋಧ ಪಕ್ಷದ ಪರ ಮಾತಾಡುವವನು ಜ್ವರ ಬಂದು ಮಲಗಿದ. ಹಳೇ ಜೋಡಿ ಅಂತ ಯಾರೋ ಹೇಳಿದ್ದಕ್ಕೆ ಚಾನೆಲ್ಲಿನವರು ನನಗೇ ಫೋನ್ ಮಾಡಿದರು.

"ಗುಡದಪ್ಪನವರ, ಇವತ್ತ ಛಲೋ ಮಾತಾಡಿದ್ರ ಆ ಕುರ್ಚಿ ನಿಮಗ ಕಾಯಂ ನೋಡ್ರಿ."

ಹೆಂಡತಿ ರೇಣುಕವ್ವ ಧೋತರಕ್ಕೆ ಇಸ್ತ್ರಿ ಹಾಕಿದಳು. "ಸಿಟ್ಟಿಗೇಳಬ್ಯಾಡ್ರಿ ಮತ್ತ," ಅಂದಳು. ಸಿಟ್ಟೆಲ್ಲಿಯದು? ನನಗೆ ಆ ಕುರ್ಚಿ ಬೇಕಾಗಿತ್ತು, ಅಷ್ಟೇ.

ಆಹಾ, ಏನು ಮಾತಾಡಿದೆ! ಹಾಳು ಬಿದ್ದ ರಸ್ತೆ, ನೀರಿಲ್ಲದ ಕಾಲುವೆ, ಒಂದೊಂದನ್ನೂ ಎತ್ತಿ ಅವನ ಮುಂದಿಟ್ಟೆ. ಅಂದಾನೆಪ್ಪ ಬೆವರು ಒರೆಸಿಕೊಂಡ, ನೀರು ಕುಡಿದ. ನಿರೂಪಕಿ ನನ್ನ ಕಡೆ ತಿರುಗಿ, "ಕಡೇ ಮಾತು ಹೇಳ್ರಿ," ಅಂದಳು.

ಅಲ್ಲೇ ಕೆಟ್ಟಿತು. ನಮ್ಮ ಮೇಳದ ಪದ್ಧತಿ ಅದು: ಎಷ್ಟೇ ಜಗಳಾಡಿರಲಿ, ಕೊನೆಗೆ ನಾನು ಅವನ ಪಕ್ಷವನ್ನು ಹೊಗಳಬೇಕು, ಅವನು ನನ್ನದನ್ನು. ಆಮೇಲೆ ಇಬ್ಬರೂ ಒಂದೇ ದನಿಯಲ್ಲಿ ಮಂಗಳ ಹಾಡಬೇಕು. 'ಕಡೇ ಮಾತು' ಅಂದದ್ದೇ ತಡ, ನನ್ನ ನಾಲಗೆ ತಾನೇ ಹೊರಳಿತು.

"ಅಂದಾನೆಪ್ಪಣ್ಣ ಹೇಳಿದ್ದೂ ಖರೇ ಐತ್ರಿ. ಸರ್ಕಾರ ಒಳ್ಳೇ ಕೆಲಸಾನೂ ಮಾಡೇತಿ. ನಮ್ಮವರ ತಪ್ಪೂ ಅದಾವು. ಇಬ್ಬರೂ ಕೂಡಿ ಹೋಗೂಣು."

ಹಾಗೆಂದು ಅವನ ಮುಖ ನೋಡಿದೆ. ಈಗ ಅವನು ನನ್ನನ್ನು ಹೊಗಳಬೇಕು. ಅಂದಾನೆಪ್ಪ ಕ್ಯಾಮೆರಾದ ಕಡೆ ತಿರುಗಿ, "ನೋಡಿದ್ರಿಲ್ಲೋ? ಸೋಲು ಒಪ್ಪಿಕೊಂಡ್ರು!" ಅಂದ.

ವಾಪಸ್ ಬಸ್ಸಿನಲ್ಲಿ ಕೂತಾಗ ಅವನದೇ ಫೋನ್ ಬಂತು.

"ಬ್ಯಾಸರ ಮಾಡ್ಕೋಬ್ಯಾಡೋ ಗುಡದಪ್ಪ. ನಿನ್ನ ಕುರ್ಚಿಗೆ ನಾಳಿಂದ ನನ್ನ ಅಳಿಯ ಪ್ರತಾಪ ಬರ್ತಾನ. ಹುಡುಗ ಹೊಸಬ, ನಾಕು ಪಟ್ಟು ಕಲಿಸಿಕೊಡ್ತಿ ಏನು?"

ಎಲಾ ಇವನ! ಎದುರಿನ ಕುರ್ಚಿಯೂ ಇವನ ಮನೆಗೇ ಹೋಯಿತು. ಆದರೂ ದನಿ ತಗ್ಗಿಸಿ ಹೇಳಿದೆ:

"ಕಳಿಸು. ಎಲ್ಲಾ ಕಲಿಸ್ತೀನಿ, ಮಂಗಳ ಒಂದ ಬಿಟ್ಟು."